ಸೆರಗಿನ ಗಂಟು

ಪದ್ದು, ನೀನು ಮರೆತದ್ದಲ್ಲ. ನಾನು ನಿನಗೆ ಹೇಳಲೇ ಇಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ತವರಿಗೆ ಹೊರಟಾಗ ನಿನ್ನ ಭಾವ ನಿನಗೆ ಮುಟ್ಟಿಸಬೇಕಾದ ಒಂದು ಮಾತನ್ನು ನನ್ನ ಹತ್ತಿರ ಹೇಳಿ ಕಳಿಸಿದ್ದರು. ಅದು ನನ್ನ ಬಾಯಿಂದ ಹೊರಬೀಳಲಿಲ್ಲ. ನಿಮ್ಮ ಬಸ್ಸು ಸುಟ್ಟುಹೋದ ಮೇಲೆ, ಎಲ್ಲರೂ ನನ್ನ ಮುಖ ನೋಡಿದಾಗ, ನಿನಗೆ ಹೇಳಿದ್ದೆ ಎಂದುಬಿಟ್ಟೆ. ಆವತ್ತಿನಿಂದ ಇವತ್ತಿನವರೆಗೂ ಮರೆತವಳು ನೀನೆಂದೇ ಎಲ್ಲರೂ ನಂಬಿದ್ದಾರೆ — ನೀನೂ ನಂಬಿದ್ದೀಯೆ.

ಏಕೆ ಹೇಳಲಿಲ್ಲ ಎಂದರೆ, ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರು ಯಾವುದಾದರೂ ಇದೆಯೋ ಎಂದು ಇಷ್ಟು ವರ್ಷ ಹುಡುಕಿದೆ. ಸಿಗಲಿಲ್ಲ.

ನಿನ್ನ ತಿಮ್ಮಪ್ಪ ಹಿರೇಕೊಡಿಗೆಯ ನಮ್ಮ ಮನೆಗೆ ಮೊದಲು ಹೆಣ್ಣು ನೋಡಲು ಬಂದದ್ದು ನನ್ನನ್ನು. ನೀನಾಗ ಲಂಗ ಎತ್ತಿ ಕಟ್ಟಿಕೊಂಡು ಪೇರಳೆ ಮರ ಹತ್ತುವ ಹುಡುಗಿ, ನಿನಗೆ ನೆನಪಿರಲಾರದು. ಅವನು ಯಾರದೋ ಬಸ್ಸಿಗೆ ಡ್ರೈವರು. ಪಾನಕದ ಲೋಟ ಕೊಡುವಾಗ ನನ್ನ ಕೈ ಜಾರಿ ಅರ್ಧ ಪಾನಕ ಅವನ ಪಂಚೆಯ ಮೇಲೆ ಚೆಲ್ಲಿತು. "ಬ್ರೇಕು ಸ್ವಲ್ಪ ಸಡಿಲ ಉಂಟು" ಎಂದು ತನ್ನಷ್ಟಕ್ಕೇ ಹೇಳಿಕೊಂಡು ನಕ್ಕ. ಆ ನಗು ನನಗೆ ಹಿಡಿಸಿತು. ಹಿಡಿಸಿತು ಎಂದರೆ — ಇರಲಿ, ಅರವತ್ತು ದಾಟಿದವಳು ಇನ್ನೇನು ಮುಚ್ಚುಮರೆ ಮಾಡುವುದು, ಆ ಹದಿನೈದು ದಿನ ನನಗೆ ಊಟ ಸೇರಲಿಲ್ಲ. ಅಪ್ಪಯ್ಯನಿಗೆ ಮಾತ್ರ ಸಂಬಂಧ ಹಿಡಿಸಲಿಲ್ಲ. "ಚಕ್ರ ತಿರುಗ್ಸೋನಿಗೆ ಹಿರೀ ಮಗಳನ್ನ ಕೊಡದಾ? ಜನ ಎಂತ ಹೇಳ್ತಾರೆ?" ಎಂದು ಜಗಲಿಯಲ್ಲಿ ಕೂತು ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಮೆಟ್ರಿಕ್ ಪಾಸು ಮಾಡಿದ, ಕೊಪ್ಪದಲ್ಲಿ ಸ್ವಂತ ಮನೆಯಿದ್ದ ವಿಮೆ ಏಜೆಂಟರಿಗೆ ನನ್ನನ್ನು ಕೊಟ್ಟರು.

ಕೆಲವು ವರ್ಷಗಳಲ್ಲಿ ತಿಮ್ಮಪ್ಪ ತನ್ನದೇ ಬಸ್ಸು ಮಾಡಿಕೊಂಡ. ಎಡೇಹಳ್ಳಿಯಿಂದ ಕೊಪ್ಪದ ಮೇಲೆ ಶೃಂಗೇರಿಗೆ ಓಡಿಸತೊಡಗಿದ. ನರಸಿಂಹರಾಜಪುರ ಎಂದು ಬೋರ್ಡಿನಲ್ಲಿ ಬರೆದಿದ್ದರೂ ನಮ್ಮೆಲ್ಲರ ಬಾಯಲ್ಲಿ ಅದಿನ್ನೂ ಎಡೇಹಳ್ಳಿಯೇ. ಈಗ ಅದೇ ಅಪ್ಪಯ್ಯ, ಅದೇ ಜಗಲಿಯಲ್ಲಿ ಕೂತು, ಅದೇ ತಿಮ್ಮಪ್ಪನಿಗೆ ನಿನ್ನನ್ನು ಕೊಡುವ ಮಾತಾಡಿದರು. ಆಗ ಜನ ಏನೂ ಹೇಳಲಿಲ್ಲ. ನಿನ್ನ ಮದುವೆಯಲ್ಲಿ ಕಳಶ ಹಿಡಿದು ನಿಂತವಳು ನಾನು.

ನನ್ನ ಗಂಡ ಕೆಟ್ಟವರಾಗಿರಲಿಲ್ಲ, ಪದ್ದು. ನನಗೆ ಗದರಿದವರೂ ಅಲ್ಲ. ಆದರೆ ಅವರ ಕೆಲಸವೇ ಅಂಥದ್ದು. ಬಗಲಲ್ಲಿ ಕೊಡೆ, ಹೆಗಲಿಗೆ ಚೀಲ ಹಾಕಿಕೊಂಡು ಕೊಪ್ಪದ ಪೇಟೆಯಲ್ಲಿ ಅವರು ಬರುತ್ತಿದ್ದರೆ ಅಂಗಡಿಯವರು ಒಳಗೆ ಏನೋ ಹುಡುಕುವವರಂತೆ ಎದ್ದುಹೋಗುತ್ತಿದ್ದರು. ನೀವು ಸತ್ತರೆ ಹೆಂಡತಿ ಮಕ್ಕಳ ಗತಿ ಏನು ಎಂದು ಬೆಳಗಾಗೆದ್ದು ಕೇಳುವವರನ್ನು ಯಾರು ತಾನೆ ಕೂರಿಸಿ ಕಾಫಿ ಕೊಡುತ್ತಾರೆ? ಮದುವೆ ಮನೆಗೆ ಹೋದರೆ "ಚಿತ್ರಗುಪ್ತರು ಬಂದ್ರು, ಎಲೆ ಹಾಕ್ರಪ್ಪಾ" ಎಂದು ತಮಾಷೆ ಮಾಡುತ್ತಿದ್ದರು. ಅವರೂ ಜೊತೆಗೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನೀನೋ — ಡ್ರೈವರ್ ಪಕ್ಕದ ಸೀಟಿನಲ್ಲಿ, ತಲೆ ತುಂಬ ಅಬ್ಬಲಿಗೆ ಮುಡಿದು ಕೂತು ಬರುತ್ತಿದ್ದೆ. ಎಡೇಹಳ್ಳಿಯಿಂದ ಶೃಂಗೇರಿಯವರೆಗೆ ನಿನ್ನನ್ನು ಹೆಸರು ಹಿಡಿದು ಕರೆದವರಿಲ್ಲ. ನೀನು ಬಸ್ಸಿನಮ್ಮ. ನಮ್ಮ ಮನೆಯೆದುರು ಬಸ್ಸು ಹಾಯುವಾಗ ತಿಮ್ಮಪ್ಪ ಎರಡು ಸಲ ಹಾರನ್ ಒತ್ತುತ್ತಿದ್ದ, ನೀನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ಪ್ರೀತಿಯಿಂದಲೇ ಬೀಸುತ್ತಿದ್ದೆ, ನನಗೆ ಗೊತ್ತಿತ್ತು. ಹಾರನ್ ಕೇಳಿದ ಕೂಡಲೆ ನಾನು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ. ಆಮೇಲೆ ನೀನು ಸಿಕ್ಕಿ "ಅಕ್ಕಯ್ಯ, ಕಾಣ್ಲೇ ಇಲ್ಲ?" ಎಂದು ಕೇಳಿದರೆ ಒಲೆಯ ಮೇಲೆ ಹಾಲಿತ್ತು ಎನ್ನುತ್ತಿದ್ದೆ. ಅಷ್ಟು ಹಾಲು ಕೊಡುವ ಹಸು ನಮ್ಮಲ್ಲಿರಲಿಲ್ಲ.

ನಿಮ್ಮ ಬಸ್ಸಿಗೆ ವಿಮೆ ಮಾಡಿಸಿದ್ದು ನಮ್ಮವರೇ. ಅದುವರೆಗೆ ಮನುಷ್ಯರ ಜೀವಕ್ಕೆ ಮಾತ್ರ ವಿಮೆ ಮಾಡಿಸಿದ್ದವರಿಗೆ ಅದು ಮೊದಲ ಬಸ್ಸು. ಕಾಗದ ಬಂದ ದಿನ ನಿಮ್ಮಿಬ್ಬರನ್ನೂ ನಮ್ಮ ಚಾವಡಿಯಲ್ಲಿ ಕೂರಿಸಿ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದರು. ಬಸ್ಸಿಗೆ ಬೆಂಕಿ ಬಿದ್ದರೆ, ಉರುಳಿದರೆ ಕಂಪನಿ ಕೊಡುತ್ತದೆ. ಬಸ್ಸು ಯಾರಿಗಾದರೂ ತಾಗಿದರೆ ಅವರಿಗೂ ಕಂಪನಿಯೇ ಕೊಡುತ್ತದೆ. ಆದರೆ ಓಡಿಸುವವನ ಕೈಕಾಲಿಗೆ ಏನಾದರೂ ಆದರೆ ಈ ಕಾಗದ ಬರುವುದಿಲ್ಲ, ಅದಕ್ಕೆ ಬೇರೆಯೇ ಮಾಡಿಸಬೇಕು. ತಿಮ್ಮಪ್ಪ ನಕ್ಕುಬಿಟ್ಟ. "ಬಸ್ಸು ಬೇರೆ ನಾನು ಬೇರೆಯಾ ಅಣ್ಣಯ್ಯ? ಅದಕ್ಕೆ ಮಾಡ್ಸಿದ್ರೆ ನಂಗೆ ಮಾಡ್ಸಿದ ಹಾಗೇ ಆಯ್ತಲ್ಲ." ಆ ಕಾಲದಲ್ಲಿ ಹಾಗೆ ತಿಳಿದವನು ಅವನೊಬ್ಬನೇ ಅಲ್ಲ. ನಮ್ಮವರು ನಗಲಿಲ್ಲ. "ಕಂಪನಿಗೆ ನಿನ್ನ ಗುರುತಿಲ್ಲ ಮಾರಾಯ. ನೀನು ಬರೆದುಕೊಟ್ಟ ಬಸ್ಸಿನ ಗುರುತು ಮಾತ್ರ. ಬರೆದುಕೊಟ್ಟ ಹಾಗೇ ಅದು ಇರ್ಬೇಕು. ಎಂತ ಬದಲಾದ್ರೂ ಮೊದ್ಲು ನಂಗೆ ತಿಳಿಸು" ಎಂದರು. ನೀನು ಆಗ ಕೋಡುಬಳೆ ಮುರಿಯುತ್ತ ನನಗೆ ಕಣ್ಣು ಮಿಟುಕಿಸಿದ್ದೆ. ಭಾವನ ಪಾಠ ಶುರುವಾಯಿತು ಎಂದು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಪೆಟ್ರೋಲಿಗೆ ಕೂಪನ್ನಾಯಿತು, ಕೂಪನ್ ಇದ್ದರೂ ಪೆಟ್ರೋಲಿಲ್ಲ ಎನ್ನುವಂತಾಯಿತು. ಬಸ್ಸುಗಳ ಬೆನ್ನಿಗೆ ಹಂಡೆಯಂಥ ದೊಡ್ಡ ಕಬ್ಬಿಣದ ಡಬ್ಬ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುವ ಕಾಲ ಬಂತು. ತಿಮ್ಮಪ್ಪ ಶಿವಮೊಗ್ಗಕ್ಕೆ ಹೋಗಿ ಅದನ್ನು ಹಾಕಿಸಿಕೊಂಡು ಬಂದ ಸುದ್ದಿ ನಮ್ಮವರ ಕಿವಿಗೆ ಬಿದ್ದದ್ದು ಗೌರಿ ಹಬ್ಬದ ಹಿಂದಿನ ದಿನ. ಅವರು ಮೂಡಿಗೆರೆ ಕಡೆಗೆ ಹೊರಟು ನಿಂತಿದ್ದರು. ಎರಡು ವಾರದ ಕೆಲಸ. ಚಪ್ಪಲಿ ಮೆಟ್ಟಿದವರು ಮತ್ತೆ ಕಳಚಿ ಒಳಗೆ ಬಂದರು.

"ನೀ ಹೇಗೂ ನಾಳೆ ಹಿರೇಕೊಡಿಗೆಗೆ ಹೋಗ್ತೀಯಲ್ಲ. ಪದ್ದು ಬರ್ತಾಳೆ. ತಿಮ್ಮಪ್ಪಂಗೆ ಹೇಳು ಅಂತ ಅವಳಿಗೆ ಹೇಳು. ಬೆಂಕಿ ಡಬ್ಬ ಹಾಕ್ಸಿದ್ದನ್ನ ಕಂಪನಿಗೆ ತಿಳಿಸ್ಬೇಕು. ನಂಗೆ ಒಂದು ಸಾಲು ಬರೆದು ಮೂಡಿಗೆರೆಗೆ ಕಳಿಸಿದ್ರೆ ಸಾಕು, ಉಳಿದದ್ದು ನಾ ನೋಡ್ಕೊಳ್ತೇನೆ. ಕಂಪನಿ ಒಪ್ಪಿಗೆ ಬರೋವರೆಗೆ ಬಸ್ಸು ರಸ್ತೆಗೆ ಇಳಿಸೋದು ಬೇಡ. ಇಳಿಸಿ ಎಂತಾದ್ರೂ ಆದ್ರೆ ಆ ವಿಮೆ ಇದ್ದೂ ಇಲ್ಲದ ಹಾಗೆ. ಗೊತ್ತಾಯ್ತಾ? ಮರೀಬೇಡ."

"ಮರೆಯೋದಿಲ್ಲ. ನೋಡಿ" ಎಂದು ಅವರೆದುರೇ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಅಮ್ಮ ಹಾಗೆ ಮಾಡುತ್ತಿದ್ದಳಲ್ಲ, ನಾನು ಅವಳಿಂದಲೇ ಕಲಿತದ್ದು. ಮುಟ್ಟಿಸಬೇಕಾದ ಮಾತಿಗೆ ಒಂದು ಗಂಟು. ಮುಟ್ಟಿಸಿದ ಮೇಲೆ ಬಿಚ್ಚುವುದು.

ಹಬ್ಬದ ದಿನ ಬೆಳಿಗ್ಗೆ ನಾನು ಹೇಳುವವಳೇ ಇದ್ದೆ, ಪದ್ದು. ಇದನ್ನು ನೀನು ನಂಬಬೇಕೆಂದಿಲ್ಲ. ತವರಿಗೆ ಮುಟ್ಟುವವರೆಗೆ ದಾರಿಯುದ್ದಕ್ಕೂ ಆ ಗಂಟು ಕೈಗೆ ತಾಗುತ್ತಿತ್ತು.

ಆಮೇಲೆ ನಿಮ್ಮ ಬಸ್ಸು ಬಂತು. ಮೂತಿಗೆ ಚೆಂಡುಹೂವಿನ ಮಾಲೆ, ಹಿಂದೆ ಕರೀ ಡಬ್ಬ, ಅದಕ್ಕೂ ಅರಸಿನ ಕುಂಕುಮ. ಊರೆಲ್ಲ ಅಂಗಳದಲ್ಲಿ ಸೇರಿತು. ಬೆಂಕಿಗೆ ಗಾಳಿ ಕೊಡಲು ಡಬ್ಬದ ಪಕ್ಕದಲ್ಲಿ ಒಂದು ಹಿಡಿ ಇತ್ತಲ್ಲ, ಪ್ರಯಾಣಿಕರೆಲ್ಲ ಸರದಿಯ ಮೇಲೆ ಅದನ್ನು ತಿರುಗಿಸಿದರೇನೇ ಆ ಕಾಲದ ಬಸ್ಸು ಹೊರಡುತ್ತಿದ್ದದ್ದು. ಅದನ್ನು ತೋರಿಸಲು ತಿಮ್ಮಪ್ಪ ಒಬ್ಬೊಬ್ಬರನ್ನೇ ಕರೆದ. ಕೊನೆಗೆ "ಮಾವಯ್ಯ, ನೀವೂ ಒಂದ್ ಕೈ" ಎಂದ. ಅಪ್ಪಯ್ಯ ಶಲ್ಯ ತೆಗೆದು ಸೊಂಟಕ್ಕೆ ಬಿಗಿದುಕೊಂಡರು. ಆ ಹಿಡಿ ಹಿಡಿದು, ಬೆವರು ಸುರಿಸಿಕೊಂಡು, ಮಕ್ಕಳ ಹಾಗೆ ನಗುತ್ತ ಗರಗರ ತಿರುಗಿಸಿದರು. ಚಕ್ರ ತಿರುಗಿಸುವವನಿಗೆ ಮಗಳನ್ನು ಕೊಡುವುದೇ ಎಂದವರು — ಅವರೇ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾನು ಬಾಗಿಲ ದಾರಂದದ ಹತ್ತಿರ ನಿಂತಿದ್ದೆ. ನನ್ನ ಒಳಗೆ ಏನೋ ಆವಾಗ ಗಟ್ಟಿಯಾಯಿತು.

ಪೂಜೆಯಾಗಿ ಬಾಗಿನ ಕೊಡುವ ಹೊತ್ತಿಗೆ ಅಮ್ಮ, ನಾನು ಬಾಯಿ ತೆರೆಯುವ ಮೊದಲೇ, "ಇವತ್ತು ನಿನ್ನ ಗಂಡನ ಹಾಗೆ ಬೆಂಕಿ, ಸಾವಿನ ಸುದ್ದಿ ಎಂತದೂ ತೆಗೀಬೇಡ ಮಾರಾಯ್ತಿ, ಮುತ್ತೈದೆಯರು ಕೂತಿದ್ದಾರೆ" ಎಂದಳು. ನಾನು ಏನನ್ನೂ ತೆಗೆದಿರಲಿಲ್ಲ. ಸುಮ್ಮನೆ ಬಂದ ಮಾತು ಅದು. ಎಲ್ಲರೂ ನಕ್ಕರು. ನೀನೂ ನಕ್ಕೆ — ನೀನು ನಗದೆ ಇದ್ದಿದ್ದರೆ... ಇಲ್ಲ, ಇದನ್ನು ನಿನ್ನ ಮೇಲೆ ಹಾಕುವುದಿಲ್ಲ.

ಹಬ್ಬದ ದಿನ ಅಶುಭ ನುಡಿಯಬಾರದು ಎಂಬ ಪದ್ಧತಿಯ ಹಿಂದೆ ನಾನು ಎಷ್ಟೋ ವರ್ಷ ಅಡಗಿ ಕೂತಿದ್ದೆ. ಮೊರದ ಬಾಗಿನ ಹಿಡಿದ ತಂಗಿಗೆ ನಿನ್ನ ಬಸ್ಸು ಸುಟ್ಟರೆ ಎಂದು ಹೇಗೆ ಹೇಳುವುದು ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸುಳ್ಳು. ಊಟವಾದ ಮೇಲೆ ನಾವಿಬ್ಬರೇ ಹಿತ್ತಿಲ ಕಟ್ಟೆಯಲ್ಲಿ ಕೂತಿದ್ದೆವು. ಅಮ್ಮ ಮಲಗಿದ್ದಳು. ಯಾರೂ ಇರಲಿಲ್ಲ. ಹೊಸ ಬಳೆ ಗಲಗಲಿಸಿಕೊಂಡು ನೀನೇ ನನ್ನ ಸೆರಗು ಎಳೆದು ಕೇಳಿದೆ.

"ಎಂತದಕ್ಕೆ ಗಂಟು ಅಕ್ಕಯ್ಯ?"

"ಎಂತದೂ ಇಲ್ಲ" ಎಂದೆ. "ಕೊಪ್ಪದಲ್ಲೇ ಮುಗಿದ ಕೆಲಸ. ಬಿಚ್ಚೋಕೆ ಮರ್ತೋಗಿತ್ತು."

ನಿನ್ನೆದುರೇ ಆ ಗಂಟನ್ನು ಬಿಚ್ಚಿದೆ. ಬಿಗಿಯಾಗಿತ್ತು, ಉಗುರು ಹಾಕಿ ಎಳೆಯಬೇಕಾಯಿತು.

ಸಂಜೆ ಹೊರಡುವಾಗ ತಿಮ್ಮಪ್ಪ "ಇವತ್ತು ಅಕ್ಕಯ್ಯ ಮುಂದೆ ಕೂತ್ಕೊಳ್ಳಲಿ" ಎಂದ. ನೀನು ಕೂಡಲೆ ನಿನ್ನ ಸೀಟು ಬಿಟ್ಟು ಹಿಂದೆ ಹೋದೆ. ಹಿರೇಕೊಡಿಗೆಯಿಂದ ಕೊಪ್ಪದವರೆಗೆ ನಾನು ಅಲ್ಲಿ ಕೂತೆ. ನನ್ನದಾಗಬೇಕಿದ್ದ ಜಾಗ ಎಂದುಕೊಂಡು ಕೂತೆ. ದಾರಿಯಲ್ಲಿ ಅವನು ಹೇಳಿದ: "ಅಣ್ಣಯ್ಯ ಇನ್ಸೂರ್ ಮಾಡ್ಸಿ ಕೊಟ್ಟ ಮೇಲೆ ನಂಗೆ ಕಣ್ತುಂಬ ನಿದ್ದೆ, ಅಕ್ಕಯ್ಯ." ಆಗಲಾದರೂ ಹೇಳಬಹುದಿತ್ತು. ಪಕ್ಕದಲ್ಲೇ ಇದ್ದ. "ಹೌದಾ" ಎಂದೆ, ಅಷ್ಟೇ. ನಿಮಗೆ ಕೆಟ್ಟದ್ದಾಗಲಿ ಎಂದು ನಾನು ಬಯಸಿರಲಿಲ್ಲ ಎಂದು ಈಗ ಹೇಳಲು ಹೊರಡುತ್ತೇನೆ, ಆದರೆ ಅದು ಪೂರ್ತಿ ನಿಜವಲ್ಲ. ಸ್ವಲ್ಪ ಏನಾದರೂ ಆಗಲಿ, ಬಸ್ಸು ನಾಲ್ಕು ದಿನ ನಿಲ್ಲಲಿ, ನಮ್ಮವರ ಮಾತಿನ ಬೆಲೆ ಎಲ್ಲರಿಗೂ ತಿಳಿಯಲಿ — ಇಷ್ಟನ್ನು ಬಯಸಿದ್ದೆ. ಬೆಂಕಿಗೆ ಸ್ವಲ್ಪ ಎಂದರೆ ಅರ್ಥವಾಗುತ್ತದೆಯೇ?

ಅನಂತನ ವ್ರತಕ್ಕೆ ಮೊದಲೇ ಅದು ನಡೆಯಿತು. ಹರಿಹರಪುರ ದಾಟಿ ಏರಿನಲ್ಲಿ ಬಸ್ಸು ನಿಂತಿತಂತೆ. ಬೂದಿ ಕೆದಕಿದಾಗ ಕೆಂಡ ಹಾರಿ ಹಿಂದೆ ಕಟ್ಟಿದ್ದ ಇದ್ದಿಲಿನ ಗೋಣಿಗಳಿಗೆ ಬೆಂಕಿ ಹಿಡಿಯಿತು. ತಿಮ್ಮಪ್ಪ ಜನರನ್ನೆಲ್ಲ ಇಳಿಸಿದ, ಒಬ್ಬ ಮುದುಕಿಯನ್ನು ಎತ್ತಿಕೊಂಡೇ ಇಳಿಸಿದ. ಯಾರ ಕೂದಲೂ ಕೊಂಕಲಿಲ್ಲ. ಆಮೇಲೆ ಬಸ್ಸನ್ನು ಉಳಿಸಲು ಹೋದ. ಉರಿಯುವ ಗೋಣಿಗಳನ್ನು ಬರಿಗೈಯಲ್ಲಿ ಎಳೆದ, ಕಾದ ಡಬ್ಬದ ಕೊಂಡಿಗೆ ಕೈ ಹಾಕಿದ. ಸುದ್ದಿ ತಂದವರು ನಮ್ಮ ಅಂಗಳದಲ್ಲಿ ನಿಂತು ಹೇಳುವಾಗ ಅವನ ಕೈ ಹೇಗಿದೆ ಎಂದೇ ಮತ್ತೆ ಮತ್ತೆ ಕೇಳಿದೆ. ಆದರೂ ಒಂದು ಗಳಿಗೆ — ಒಂದೇ ಗಳಿಗೆ — ಇನ್ನು ಹಾರನ್ ಕೇಳಿಸುವುದಿಲ್ಲ ಎಂದು ಮನಸ್ಸಿಗೆ ಬಂತು. ಇದನ್ನೂ ಹೇಳಿಬಿಡಬೇಕು.

ನಮ್ಮವರು ಮೂಡಿಗೆರೆಯಿಂದ ಓಡೋಡಿ ಬಂದರು. ಎಡೇಹಳ್ಳಿಯ ನಿಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪಯ್ಯ, ಅಮ್ಮ, ಕಂಪನಿಯಿಂದ ಬಂದ ಮನುಷ್ಯ ಎಲ್ಲರೂ ಇದ್ದರು. ಡಬ್ಬ ಹಾಕಿಸಿದ್ದನ್ನು ತಿಳಿಸದೆ ಬಸ್ಸು ಓಡಿಸಿದ್ದರಿಂದ ಏನೂ ಬರುವುದಿಲ್ಲ ಎಂದು ಆ ಮನುಷ್ಯ ಹೇಳಿದ. ಕೈ ತುಂಬ ಬಟ್ಟೆ ಸುತ್ತಿಕೊಂಡಿದ್ದ ತಿಮ್ಮಪ್ಪ "ತಿಳಿಸ್ಬೇಕು ಅಂತ ನಂಗೆ ಯಾರು ಹೇಳಿದ್ರು?" ಎಂದ. ನಮ್ಮವರು ನನ್ನ ಕಡೆ ತಿರುಗಿದರು.

"ನೀ ಪದ್ದುಗೆ ಹೇಳಿದ್ಯಲ್ಲ?"

"ಹೇಳಿದ್ದೆ."

ಒಂದೇ ಪದ. ಅದನ್ನು ಹೇಳಲು ಉಸಿರು ಕೂಡ ಬೇಕಾಗಲಿಲ್ಲ.

ನೀನು ನನ್ನನ್ನೇ ನೋಡಿದೆ. ನಾನು ನೆಲ ನೋಡಿದೆ. ನಮ್ಮವರು ನನ್ನ ಪರವಾಗಿ ನಿಂತರು. "ಇವಳು ನನ್ನೆದುರೇ ಸೆರಗಿಗೆ ಗಂಟು ಹಾಕ್ಕೊಂಡು ಹೋಗಿದ್ಲು. ಹೇಳದೆ ಬರೋಳಲ್ಲ" ಎಂದರು. ಆಗ ನೀನು — ಪದ್ದು, ನೀನೇ — ಗಂಟನ್ನು ನೋಡಿದ್ದಕ್ಕೆ ಸಾಕ್ಷಿ ಹೇಳಿದೆ. "ಹೌದು, ಗಂಟಿತ್ತು. ನನ್ನೆದುರೇ ಬಿಚ್ಚಿದ್ಲು. ಹಂಗಾದ್ರೆ ಹೇಳಿರ್ಲೇಬೇಕು. ಹಬ್ಬದ ಗಡಿಬಿಡೀಲಿ ನನ್ನ ತಲೆಗೆ ಹೋಗ್ಲಿಲ್ಲ ಕಾಣ್ತದೆ." ಬಿಚ್ಚಿದ ಗಂಟೆಂದರೆ ಮುಟ್ಟಿದ ಮಾತು, ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಕೊಪ್ಪದಲ್ಲೇ ಮುಗಿದ ಕೆಲಸ ಎಂದು ನಾನು ಹೇಳಿದ್ದು ನಿನಗೆ ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅಕ್ಕ ಸುಳ್ಳು ಹೇಳುತ್ತಾಳೆ ಎನ್ನುವುದಕ್ಕಿಂತ ತಾನು ಮರೆತೆ ಎನ್ನುವುದು ನಿನಗೆ ಸುಲಭವಾಯಿತು. ನಾನಾಗಿದ್ದರೆ ಅಕ್ಕನನ್ನೇ ಸುಳ್ಳುಗಾತಿ ಎನ್ನುತ್ತಿದ್ದೆ.

"ಅಕ್ಕಯ್ಯ ಹೇಳಿದ್ದನ್ನ ನಂಗೆ ಒಂದ್ ಮಾತು ಹೇಳಿದ್ರೆ ಸಾಕಿತ್ತಲ್ಲೇ" ಎಂದು ತಿಮ್ಮಪ್ಪ ಅಂದದ್ದು ಒಂದೇ ಸಲ. ಆಮೇಲೆ ಯಾವತ್ತೂ ಎತ್ತಲಿಲ್ಲವಂತೆ. ಎತ್ತದೆ ಇದ್ದದ್ದೇ ನಿನ್ನನ್ನು ಹೆಚ್ಚು ಸುಟ್ಟಿತು ಎಂದು ನೀನೇ ಒಮ್ಮೆ ನನ್ನ ಹತ್ತಿರ ಅತ್ತಿದ್ದೆ — ನನ್ನ ಹತ್ತಿರ! ನಾನು ನಿನ್ನ ಬೆನ್ನು ಸವರಿದೆ. ಹೋಗಲಿ ಬಿಡು, ಮರೆವು ಮನುಷ್ಯರಿಗಲ್ಲದೆ ಮರಕ್ಕೆ ಬರುತ್ತದೆಯೇ ಎಂದು ಸಮಾಧಾನ ಹೇಳಿದೆ.

ಅವನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ವಾಸಿಯಾದವು. ಸ್ಟೇರಿಂಗ್ ಹಿಡಿಯುವುದಿರಲಿ, ಅನ್ನ ಕಲಸಲೂ ಬರಲಿಲ್ಲ. ಆ ಕೈಗೆ ವಿಮೆ ಇರಲಿಲ್ಲ, ಬಸ್ಸಿಗಿದ್ದದ್ದು ಸಿಗಲಿಲ್ಲ. ನೀನು ಎಡೇಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಒಲೆ ಹೂಡಿ, ಬೇರೆಯವರ ಬಸ್ಸಿಗೆ ಕಾಯುವವರಿಗೆ ಇಡ್ಲಿ ಬೇಯಿಸಿದೆ. ಬಸ್ಸಿನಮ್ಮ ಹೋಗಿ ಇಡ್ಲಿ ಪದ್ದಮ್ಮ ಆದೆ. ಒಮ್ಮೆ ಮಧ್ಯಾಹ್ನ ನಾನು ಹೇಳದೆ ಕೇಳದೆ ಬಂದಾಗ ನೀನು ಅವನಿಗೆ ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಅವನು ಏನೋ ಹೇಳಿದ, ನೀನು ನಕ್ಕು ಅವನ ತುಟಿಯಲ್ಲಿದ್ದ ಅನ್ನದ ಅಗುಳು ಒರೆಸಿದೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಲ್ಲ ಕಳೆದುಕೊಂಡ ನಿಮ್ಮಿಬ್ಬರನ್ನು ನೋಡಿ ಪಶ್ಚಾತ್ತಾಪ ಉಕ್ಕಬೇಕಿತ್ತು. ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು, ಪದ್ದು. ಆವತ್ತು ನನಗೆ ನನ್ನನ್ನು ಕಂಡೇ ಮೊದಲ ಸಲ ಹೆದರಿಕೆಯಾಯಿತು.

ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ನಮ್ಮವರು ತೀರಿಕೊಳ್ಳುವಾಗಲೂ ನನ್ನನ್ನು ನಂಬಿಯೇ ಕಣ್ಣು ಮುಚ್ಚಿದರು. ಹೋದ ಮಾಘದಲ್ಲಿ ತಿಮ್ಮಪ್ಪನೂ ಹೋದ. ಹೆಂಡತಿ ಮರೆತಳೆಂದು ತಿಳಿದು, ಅವಳನ್ನು ಕ್ಷಮಿಸಿ, ಹೋದ. ಕ್ಷಮಿಸಲು ಅವಳಲ್ಲಿ ಏನೂ ಇರಲಿಲ್ಲ ಎಂದು ಅವನಿಗೆ ಇನ್ನು ಯಾರೂ ತಿಳಿಸಲಾರರು. ನನ್ನಿಂದ ತಿದ್ದಲಾಗದ್ದು ಅದೊಂದು.

ಅವನ ವೈಕುಂಠ ಸಮಾರಾಧನೆಗೆ ಬಂದಾಗ ನಿನ್ನ ಸೆರಗು ನೋಡಿದೆ. ತುದಿಯಲ್ಲಿ ಗಂಟಿನ ಮೇಲೆ ಗಂಟು. ಹಾಲಿನವನಿಗೆ ಹೇಳಲು ಒಂದು, ಪುರೋಹಿತರಿಗೆ ದಕ್ಷಿಣೆಗೆ ಒಂದು, ನನಗೆ ಕಷಾಯದ ಪುಡಿ ಕಟ್ಟಿಕೊಡಲು ಒಂದು. "ಅಜ್ಜಿ ಸೀರೆ ನೋಡಿ, ಗಂಟುಮೂಟೆ ಆಗಿದೆ" ಎಂದು ಮೊಮ್ಮಕ್ಕಳು ನಗುತ್ತಿದ್ದರು. ಮರೆಗುಳಿ ಅಜ್ಜಿ ಎಂದೇ ಅವು ನಿನ್ನನ್ನು ಕರೆಯುವುದು. ನೀನೂ ನಕ್ಕು, "ಎಂತ ಮಾಡೋದು ಅಕ್ಕಯ್ಯ, ಒಂದ್ಸಲ ಮರ್ತು ಮನೆ ಮುಳುಗಿಸ್ದೋಳು ನಾನು" ಎಂದೆ. ಆ ವರ್ಷಕ್ಕೆ ಮೊದಲು ನೀನು ಯಾವತ್ತೂ ಗಂಟು ಹಾಕಿಕೊಂಡವಳಲ್ಲ. ನಿನಗೆ ಬೇಕಾಗುತ್ತಲೇ ಇರಲಿಲ್ಲ. ಚಿಕ್ಕವಳಿದ್ದಾಗ ಅಮ್ಮನ ಗಂಟುಗಳು ಯಾವುದು ಯಾವುದಕ್ಕೆ ಎಂದು ಅವಳಿಗೇ ನೆನಪಿಸುತ್ತಿದ್ದವಳು ನೀನು.

ಬರುವ ಗೌರಿಗೆ ನಾನು ಎಡೇಹಳ್ಳಿಗೆ ಬರುತ್ತೇನೆ. ನಾವಿಬ್ಬರೂ ಈಗ ಬಾಗಿನ ಹಿಡಿಯುವವರಲ್ಲ, ನಮ್ಮ ಬಾಯಿಂದ ಯಾವ ಮಾತು ಬಂದರೂ ಅಶುಭವೆಂದು ತಡೆಯುವವರಿಲ್ಲ. ನಿನ್ನ ಮಕ್ಕಳು, ಸೊಸೆಯಂದಿರು, ಆ ಮೊಮ್ಮಕ್ಕಳು ಎಲ್ಲರೂ ಕೂತಿರುವಾಗ ಈ ಕಾಗದದಲ್ಲಿ ಬರೆದ ಇದಿಷ್ಟನ್ನೂ ಮೊದಲಿನಿಂದ ಹೇಳುತ್ತೇನೆ. ಆಮೇಲೆ ನೀನು ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯೆ. ನಿನ್ನಿಂದ ನಾನು ಇನ್ನೊಂದನ್ನು ಪಡೆದುಕೊಳ್ಳಲಾರೆ.

ಆವತ್ತು ಮಾತ್ರ, ನಾನು ಬರುವ ಮೊದಲು, ಆ ಸೆರಗಿನ ಗಂಟುಗಳನ್ನೆಲ್ಲ ಬಿಚ್ಚಿಬಿಡು, ಪದ್ದು. ನಿನಗೆ ಮರೆವಿಲ್ಲ. ಯಾವತ್ತೂ ಇರಲಿಲ್ಲ.